ಅರ್ಧ ಬಲಿತ ರೆಕ್ಕೆಗಳು

ಒಂದು ಕೆರೆಯ ಕೊಕ್ಕರೆಗಳು ಹಿಡಿದ ಮೀನನ್ನೆಲ್ಲ ಒಂದೆಡೆ ತಂದು ಸುರಿಯುತ್ತಿದ್ದವು. ಅದನ್ನು ಎಲ್ಲರಿಗೂ ಹಂಚುವವನು ಹಿಂಡಿನ ಯಜಮಾನ. ಗೂಡಿನಿಂದ ಇಳಿದು, ಹಾರಲು ಇನ್ನೂ ಬಾರದ ಎಳೆಯರಿಗೆ ಹಾರಾಟ ಕಲಿಸುವವಳು ಸಿರಿಯವ್ವ ಎಂಬ ಮುದಿ ಕೊಕ್ಕರೆ.

ಮೊದಲೆಲ್ಲ ಆ ಎಳೆಯರಿಗೂ ಹೊಟ್ಟೆ ತುಂಬ ಸಿಗುತ್ತಿತ್ತು. ವರ್ಷಗಳು ಕಳೆದಂತೆ ಯಜಮಾನ ಅವರ ಪಾಲನ್ನು ಕಡಿಮೆ ಮಾಡುತ್ತ ಬಂದ. ಸಿರಿಯವ್ವ ಕೇಳಲು ಹೋದಳು.

"ಗೂಡಿನ ಮರಿಗಳು ಅಳುತ್ತವೆ, ಕೊಡಲೇಬೇಕು. ದೊಡ್ಡವರು ಮೀನು ತರುತ್ತಾರೆ, ಕೊಟ್ಟರೆ ಲಾಭ. ನಿನ್ನವರು ಅಳುವುದೂ ಇಲ್ಲ, ತರುವುದೂ ಇಲ್ಲ," ಎಂದ ಯಜಮಾನ.

"ರೆಕ್ಕೆ ಬಲಿಯುವುದು ಇದೇ ವಯಸ್ಸಿನಲ್ಲಿ, ಯಜಮಾನರೇ. ಈಗ ತಪ್ಪಿದರೆ ಆಮೇಲೆ ಎಷ್ಟು ಉಣಿಸಿದರೂ ಬಲಿಯುವುದಿಲ್ಲ."

"ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಪಾಲು ಇನ್ನಷ್ಟು ಕಿರಿದಾಯಿತು. ಸಿರಿಯವ್ವ ತನ್ನ ಬಾಯಿಯ ತುತ್ತನ್ನೇ ಹಂಚಿದಳು. ಅದು ಯಾರಿಗೂ ಸಾಲಲಿಲ್ಲ.

ಆ ಬೇಸಿಗೆಯಲ್ಲಿ ಕೆರೆ ತಳ ಕಂಡಿತು. ಬೆಟ್ಟದಾಚೆಯ ಹೊಳೆಗೆ ಹೊರಡಲು ಯಜಮಾನ ಕರೆ ಕೊಟ್ಟ. ಹಿಂಡು ಮೇಲೆದ್ದಿತು. ಎಳೆಯರೂ ರೆಕ್ಕೆ ಬಡಿದರು. ಮರದೆತ್ತರಕ್ಕೆ ಏರುವಷ್ಟರಲ್ಲಿ ಸೋತು, ಒಬ್ಬೊಬ್ಬರಾಗಿ ಕೆಸರಿಗೆ ಬಿದ್ದರು. ದಡದಲ್ಲಿ ನರಿಗಳು ಆಗಲೇ ಬಂದು ಕೂತಿದ್ದವು.

"ಸಿರಿಯವ್ವ, ನೀನಾದರೂ ಬಾ," ಎಂದು ಯಜಮಾನ ಮೇಲಿನಿಂದ ಕೂಗಿದ. "ಸರಿಯಾಗಿ ಕಲಿಸಿದ್ದರೆ ಅವರೂ ಹಾರುತ್ತಿದ್ದರು."

ಸಿರಿಯವ್ವ ಕೆಳಗಿಳಿದು, ಎಳೆಯರನ್ನು ಬೆನ್ನ ಹಿಂದೆ ಸೇರಿಸಿಕೊಂಡು, ನರಿಗಳಿಗೆ ಎದುರಾಗಿ ನಿಂತಳು.