ಏರಿನಲ್ಲಿ ಜಾರುವ ಗಾಡಿ

ನಂಬುವುದಿಲ್ಲ ಎನ್ನುವವರು ಒಂದು ಲಾರಿ ತೆಗೆದುಕೊಂಡು ಬನ್ನಿ, ನೋಡಿಯೇಬಿಡೋಣ. ಕಣ್ಣು ಕಟ್ಟಿ ನಿಲ್ಲಿಸಿದರೂ ಸದ್ದು ಕೇಳಿಯೇ ಗೇರ್ ಬಾಕ್ಸಿನ ಕಾಯಿಲೆ ಹೇಳುತ್ತೇನೆ. ಕೂಡ್ಲಿಗಿ ಕಡೆಯ ಹಳ್ಳಿಯಿಂದ ಬಂದವನು ನಾನು. ಈ ಗ್ಯಾರೇಜಿನಲ್ಲಿ ನನ್ನ ಸಮ ಯಾರೂ ಇಲ್ಲ. ಉಸ್ತಾದ್ ದಾವಲ್‌ಸಾಬರೊಬ್ಬರನ್ನು ಬಿಟ್ಟಿದ್ದೇನೆ, ಅದೂ ಕಲಿಸಿದವರು ಎಂಬ ಮರ್ಯಾದೆಗೆ.

ಆದರೂ ಡ್ರೈವರುಗಳು ಕೀಲಿಯನ್ನು ನನ್ನ ಕೈಗೆ ಕೊಟ್ಟು, ಮಾತನ್ನು ಉಸ್ತಾದರ ಹತ್ತಿರ ಆಡುತ್ತಿದ್ದರು. ಚಹಾದ ಹೊತ್ತಿಗೆ ಎಲ್ಲರೂ ಅವರ ಸುತ್ತ. ನಾನು ಈ ಕಡೆ, ಹಳೆಯ ಟೈರಿನ ಮೇಲೆ, ಒಬ್ಬನೇ. ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ:

"ಉಸ್ತಾದ್, ನನ್ನ ಕೆಲಸದಲ್ಲಿ ತಪ್ಪು ಹುಡುಕಿದವರಿಲ್ಲ. ಆದ್ರೂ ಒಬ್ಬನಾದ್ರೂ ನನ್ನ ಹತ್ರ ಬಂದು ಕೂರೋದಿಲ್ಲ. ಯಾಕೆ?"

ಉಸ್ತಾದರು ಕೈ ಒರೆಸಿಕೊಂಡರು. "ಕೂತ್ಕೋ ಜಡೆಪ್ಪ" ಎಂದು ಒಂದು ಕತೆ ಹೇಳತೊಡಗಿದರು.

ಒಂದು ಗಣಿ ಇತ್ತು. ಆಳವಾದ ಗುಂಡಿ, ಮೇಲೆ ಬರಲು ಒಂದೇ ಏರುದಾರಿ. ಅಲ್ಲಿ ಒಬ್ಬ ಡ್ರೈವರ್ ಮನೆಯಷ್ಟು ದೊಡ್ಡದಾದ ಡಂಪರ್ ಓಡಿಸುತ್ತಿದ್ದ. ಕ್ಲಚ್ ತುಳಿಯುವ ಕೆಲಸವಿಲ್ಲ, ಗೇರನ್ನು ಗಾಡಿಯೇ ಬದಲಿಸಿಕೊಳ್ಳುತ್ತಿತ್ತು.

ಒಂದು ದಿನ ಆ ಡ್ರೈವರ್ ಮೆಕ್ಯಾನಿಕನ ಬಳಿಗೆ ಬಂದ. "ಸಾರ್, ಏರಿನಲ್ಲಿ ಗೇರ್ ಜಾರುತ್ತೆ. ಎಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ" ಎಂದ.

ಮೆಕ್ಯಾನಿಕ್ ಜಾಣ. ಬೆಳಿಗ್ಗೆ ಖಾಲಿ ಡಂಪರನ್ನು ಬಯಲಿನಲ್ಲಿ ಒಂದು ಸುತ್ತು ಓಡಿಸಿದ. ಗಾಡಿ ಬೆಣ್ಣೆಯಂತೆ ಓಡಿತು. "ಗೇರ್ ಸರಿಯಾಗಿದೆ. ಜಾರೋದು ನಿನ್ನ ಕಾಲು" ಎಂದ. ನಿಂತಿದ್ದವರೆಲ್ಲ ನಕ್ಕರು.

ಡ್ರೈವರ್ ಮತ್ತೊಮ್ಮೆ ಬಂದ. ಮೆಕ್ಯಾನಿಕ್ ಮತ್ತೊಮ್ಮೆ ಸುತ್ತು ಹೊಡೆದ. ಅದೇ ಮಾತು. ಮಾಲೀಕನಿಗೂ ಸುದ್ದಿ ಮುಟ್ಟಿತು. "ಓಡಿಸು, ಇಲ್ಲವೇ ಮನೆಗೆ ಹೋಗು" ಎಂದ. ಉಳಿದ ಡ್ರೈವರುಗಳು ಅವನಿಗೆ ಜಾರುಬಂಡೆ ಎಂದು ಹೆಸರಿಟ್ಟರು. ಊಟದ ಹೊತ್ತಿಗೆ ಅವನು ಡಬ್ಬಿ ಹಿಡಿದು ದೂರ ಹೋಗಿ ಕೂರತೊಡಗಿದ.

ಆಮೇಲೆ ಅವನು ದೂರು ಹೇಳುವುದನ್ನೇ ಬಿಟ್ಟ. ಮೆಕ್ಯಾನಿಕ್ ಎದುರು ಸಿಕ್ಕಾಗ ಕೇಳಿದ, "ಈಗ ಜಾರ್ತಾ ಇಲ್ವೇನೋ?" ಡ್ರೈವರ್ "ಇಲ್ಲ ಸಾರ್" ಎಂದು ನಡೆದುಬಿಟ್ಟ. ಮೆಕ್ಯಾನಿಕ್ ಗೆದ್ದೆ ಅಂದುಕೊಂಡ.

ಒಮ್ಮೆ ಬೇರೆ ಕೆಲಸಕ್ಕೆಂದು ಮೆಕ್ಯಾನಿಕ್ ಗುಂಡಿಗೆ ಇಳಿದ. ಏರುದಾರಿಯ ಕೆಳಗೆ ಡಂಪರುಗಳು ಸಾಲಾಗಿ ನಿಂತಿದ್ದವು. ಮೇಲೆ ಒಂದೇ ಒಂದು ಡಂಪರ್ ಹತ್ತುತ್ತಿತ್ತು. "ಯಾಕ್ರಯ್ಯಾ ನಿಂತಿದ್ದೀರಿ?" ಎಂದು ಕೇಳಿದ.

ಒಬ್ಬ ಹೇಳಿದ, "ಆ ಜಾರುಬಂಡೆ ಮೇಲೆ ಮುಟ್ಟಲಿ ಅಂತ. ಹಿಂದಕ್ಕೆ ಬಂದ್ರೆ ಬೀಳೋದು ನಮ್ಮ ಮೇಲೆ ತಾನೇ?"

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದವನ ಗತಿ ನೋಡಿದ್ವಲ್ಲ ಸಾರ್."

ಮೆಕ್ಯಾನಿಕ್ ಆ ಡಂಪರ್ ಕಲ್ಲು ಸುರಿದು ಮತ್ತೆ ಕೆಳಗೆ ಬರುವವರೆಗೆ ಕಾದ. ಲೋಡ್ ತುಂಬಿದ ಮೇಲೆ ತಾನೂ ಹತ್ತಿ ಡ್ರೈವರನ ಪಕ್ಕದಲ್ಲಿ ಕುಳಿತ. ಡ್ರೈವರ್ ತನ್ನ ಕಡೆಯ ಬಾಗಿಲು ಮುಚ್ಚಿರಲಿಲ್ಲ.

"ಬಾಗಿಲು ಹಾಕು" ಎಂದ ಮೆಕ್ಯಾನಿಕ್.

"ಹಾರೋಕೆ ಬೇಕಾಗುತ್ತೆ ಸಾರ್. ನಿಮ್ಮ ಕಡೇದೂ ತೆಗೆದಿಟ್ಕೊಳ್ಳಿ."

ಅರ್ಧ ಏರಿನಲ್ಲಿ ಎಂಜಿನ್ ಕೂಗಿತು. ಗಾಡಿ ನಿಧಾನವಾಯಿತು, ನಿಂತಿತು, ಗೇಣಿನಷ್ಟು ಹಿಂದಕ್ಕೆ ಸರಿಯಿತು. ಡ್ರೈವರ್ ಬ್ರೇಕ್ ಮೇಲೆ ನಿಂತುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಗೇರ್ ಹಿಡಿಯಿತು. ಹಾಗೂ ಹೀಗೂ ಮೇಲೆ ಮುಟ್ಟಿದರು.

ಮೆಕ್ಯಾನಿಕ್ ಇಳಿದು, ಕಾದ ಗೇರ್ ಬಾಕ್ಸಿನಿಂದ ಎಣ್ಣೆಯ ಕಡ್ಡಿ ಎಳೆದು ನೋಡಿದ. ಎಣ್ಣೆ ಕಪ್ಪಾಗಿತ್ತು, ಸುಟ್ಟ ವಾಸನೆ. ಅಂದರೆ ಒಳಗೆ ಗೇರನ್ನು ಹಿಡಿಯುವ ಪ್ಲೇಟುಗಳು ಸವೆದಿದ್ದವು. ಕಾವು ಏರಿ ಭಾರ ಬಿದ್ದಾಗ ಮಾತ್ರ ಅವು ಹಿಡಿತ ಬಿಡುತ್ತಿದ್ದವು. "ಜಾರುತ್ತೆ ಕಣಪ್ಪ. ಇದನ್ನ ಇನ್ನು ಓಡಿಸಬೇಡ" ಎಂದ.

ಡ್ರೈವರ್ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟ. "ರಿಪೇರಿ ಆಗಲಿ ಬಿಡಲಿ ಸಾರ್, ನನಗೆ ಹುಚ್ಚು ಹಿಡಿದಿಲ್ಲ ಅಂತ ಗೊತ್ತಾಯ್ತಲ್ಲ, ಸಾಕು" ಎಂದ.

ಉಸ್ತಾದರು ಕತೆ ನಿಲ್ಲಿಸಿದರು.

ನಾನು ಬಿಡುವವನೇ? "ನಾನಾಗಿದ್ರೆ ಮೊದಲ ದಿನವೇ ಎಣ್ಣೆ ನೋಡ್ತಿದ್ದೆ ಉಸ್ತಾದ್. ಆ ಮೆಕ್ಯಾನಿಕ್ ದಡ್ಡ" ಎಂದೆ.

ಉಸ್ತಾದರು ನನ್ನ ಮುಖ ನೋಡಿ ಹೇಳಿದರು: "ಖಾಲಿ ಗಾಡೀನ ಬಯಲಲ್ಲಿ ಓಡಿಸಿ ನೋಡೋನಿಗೆ ಜಗತ್ತಿನ ಡ್ರೈವರೆಲ್ಲ ಸುಳ್ಳುಗಾರರೇ, ಜಡೆಪ್ಪ."

ನಾನು ಎದ್ದು ಅವರ ಚಹಾದ ಲೋಟ ತೊಳೆದಿಟ್ಟೆ. ಹಾಗೆ ಆಗುವುದು ಕಡಿಮೆ.

ಮರುದಿನ ಉಸ್ತಾದರು ನನ್ನ ಕೈಗೆ ಸ್ಪ್ಯಾನರ್ ಕೊಡಲಿಲ್ಲ. ಲೋಡ್ ತುಂಬಿ ಹೊರಟಿದ್ದ ಒಂದು ಲಾರಿಯಲ್ಲಿ, ಡ್ರೈವರನ ಪಕ್ಕದ ಸೀಟು ಕೊಟ್ಟರು.