ಚಿಮ್ಮಿ, ನಿಂಗಿ ಕಬ್ಬಿಣಜ್ಜನ ಮನೆ ದಾಟಿದ್ದು

ಭೂಮಿಗೆ ಇನ್ನೂ ಹಸಿ ಬಣ್ಣದ ವಾಸನೆ ಹೊಡೀತಿದ್ದ ಕಾಲ. ಯಾವ ಕಡೆ ಹರೀಬೇಕು ಅಂತ ಹೊಳೆಗಳಿಗೇ ಗೊತ್ತಿರಲಿಲ್ಲ, ದಾರಿ ಕೇಳಿಕೊಂಡು ಅಲೀತಿದ್ದವು.

ಆಗ ನೆಲದೊಳಗೆ ಲೋಹಗಳು ಚಾಪೆ ಮೇಲೆ ಚಾಪೆ ಹಾಸಿದ ಹಾಗೆ ಇದ್ದವು. ಮೇಲೆ ಸೀಸಕ್ಕ. ಕೆಳಗೆ ಅವಳ ತಂಗಿ ಸೀಸವ್ವ. ನಡುವೆ, ಯಾರೂ ಕರೆಯದೆ ಬಂದು ಕೂತ ಕಬ್ಬಿಣಜ್ಜ.

ಲೋಹಗಳ ಹೊಟ್ಟೆಯಲ್ಲಿ ಮಿಂಚಿನ ಮರಿಗಳಿರುತ್ತವೆ. ಕಡುಚಳಿ ಬಿದ್ದರೆ ಸಾಕು, ಸೀಸಕ್ಕನ ಮರಿಗಳು ಎರಡೆರಡಾಗಿ ಕೈ ಹಿಡಿದು ಸುತ್ತುತ್ತ ಫುಗಡಿ ಆಡುತ್ತವೆ. ಒಂದರ ಮುಖ ಉತ್ತರಕ್ಕೆ, ಇನ್ನೊಂದರದು ದಕ್ಷಿಣಕ್ಕೆ. ಕೈ ಹಿಡಿದ ಜೋಡಿ ಎಲ್ಲೂ ಎಡವುವುದಿಲ್ಲ.

ಕಬ್ಬಿಣಜ್ಜನ ಮರಿಗಳೋ, ಸ್ಕೂಲಿನ ಪ್ರೇಯರ್ ಸಾಲು. ಎಲ್ಲರ ಮುಖವೂ ಉತ್ತರಕ್ಕೇ. ಮೂಗು ಕೆರೆಯೋದಕ್ಕೂ ಅಜ್ಜನ ಅಪ್ಪಣೆ ಬೇಕು.

ಒಂದು ದಿನ ಚಳಿಗಾಳಿ ಬಂದು, ತಾನಿನ್ನು ಹೊರಟೆ, ಬೇಸಿಗೆ ಬರ್ತಿದೆ, ಸೆಕೆಗೆ ಹಿಡಿದ ಕೈಗಳೆಲ್ಲ ಜಾರಿಹೋಗ್ತವೆ ಅಂದಿತು. ಸೀಸಕ್ಕ ತಕ್ಷಣ ಕೆಳಗೆ ಬಗ್ಗಿ ನೋಡಿದಳು. ಅಜ್ಜ ಅಡ್ಡ ಕೂತಾಗಿನಿಂದ ತಂಗಿಯ ಸುದ್ದಿಯೇ ಇಲ್ಲ. ತಾನು ಚೆನ್ನಾಗಿದ್ದೀನಿ ಅಂತ ಅವಳಿಗೆ ಹೇಳಿ ಕಳಿಸಬೇಕು, ಇವತ್ತೇ.

ಅರ್ಧ ಮಾತು ಒಂದರ ಬಾಯಲ್ಲಿ, ಅರ್ಧ ಇನ್ನೊಂದರ ಬಾಯಲ್ಲಿ ಇಟ್ಟು ಒಂದು ಜೋಡಿಯನ್ನು ಕಳಿಸಿದಳು. ಅಜ್ಜನ ಮನೆಯೊಳಗೆ ನಾಲ್ಕು ಹೆಜ್ಜೆ ಇಟ್ಟಿದ್ದವೋ ಇಲ್ಲವೋ, ಉತ್ತರಕ್ಕೆ ತಿರುಗಿ ಅಂತ ಅಜ್ಜ ಗದರಿದ. ದಕ್ಷಿಣದ್ದು ಗಕ್ಕನೆ ತಿರುಗಿತು. ಕೈ ಬಿಟ್ಟುಹೋಯಿತು. ಅರ್ಧರ್ಧ ಮಾತು ಹೊತ್ತು ಎರಡೂ ಅಳುತ್ತ ವಾಪಸ್ಸು. ಎರಡನೇ ಜೋಡಿಗೂ ಅದೇ ಗತಿ.

ಮೂರನೆಯದು ಚಿಮ್ಮಿ ಮತ್ತು ನಿಂಗಿ. ಎರಡೂ ತರಲೆಗಳು. ಒಳಗೆ ಹೋಗಲೇ ಇಲ್ಲ, ಹೊಸ್ತಿಲಲ್ಲೇ ಗಿರಗಿರ ಫುಗಡಿ ಶುರು ಮಾಡಿದರು. ಅಜ್ಜನ ಸಾಲಿನ ತುದಿಯಲ್ಲಿದ್ದ ಮರಿಗಳಿಗೆ ನಗು ತಡೆಯಲಾಗಲಿಲ್ಲ. ಮೊದಲನೆಯದು ಪೂರ್ತಿ ಇತ್ತ ತಿರುಗಿತು, ಅದರ ಪಕ್ಕದ್ದು ಸ್ವಲ್ಪ ಕಡಿಮೆ, ಅದರಾಚೆಯದು ಇನ್ನೂ ಕಡಿಮೆ. ಚಿಮ್ಮಿ, ನಿಂಗಿ ಆ ಮೊದಲನೆಯದರ ಹಾಗೇ ಓರೆ ನಿಂತು ಒಳಗೆ ಕಾಲಿಟ್ಟರು.

"ಯಾಕ್ರೇ ಓರೆ ನಿಂತಿದೀರಿ?" ಅಂದ ಅಜ್ಜ.

"ನಿಮ್ಮ ಸಾಲು ನೋಡಿಯೇ ನಿಂತಿದೀವಿ ಅಜ್ಜಾ," ಅಂದಳು ನಿಂಗಿ.

ಹೆಜ್ಜೆಗೊಂದು ಸಲ, ಪಕ್ಕದವರ ಹಾಗೆ ಒಂಚೂರು ತಿರುಗುವುದು. ಮತ್ತೊಂದು ಹೆಜ್ಜೆ, ಮತ್ತೊಂಚೂರು. ನಡುಮನೆ ತಲುಪುವಷ್ಟರಲ್ಲಿ ಇಬ್ಬರ ಮುಖವೂ ಉತ್ತರಕ್ಕೇ ಇತ್ತು, ಹಿಡಿದ ಕೈ ಹಾಗೇ ಇತ್ತು. ಅಜ್ಜ ತಪ್ಪು ಹುಡುಕಿದ, ಸಿಗಲಿಲ್ಲ.

"ಹೋಗ್ರೇ ಅತ್ಲಾಗೆ," ಅಂದ, ಮೀಸೆಯಡಿ ನಗುತ್ತ.

ಆಚೆ ಹೊಸ್ತಿಲಲ್ಲಿ ಸೀಸವ್ವನ ಮರಿಗಳೂ ಇದೇ ತರಲೆ ಮಾಡುತ್ತಿದ್ದವು, ಅಲ್ಲೂ ಸಾಲು ಓರೆಯಾಗಿತ್ತು. ಚಿಮ್ಮಿ ಅರ್ಧ, ನಿಂಗಿ ಅರ್ಧ ಮಾತು ಒಪ್ಪಿಸಿದರು. ಸೀಸವ್ವ ಅದನ್ನು ಮೂರು ಸಲ ಹೇಳಿಸಿಕೊಂಡಳು. ಆಮೇಲೆ ಬೇಸಿಗೆ ಬಂತು. ಬರಲಿ ಬಿಡು ಅಂದಳು.

ಅದಕ್ಕೇ ಇವತ್ತಿಗೂ, ಸೀಸದ ಎರಡು ತೆಳು ಪದರಗಳ ನಡುವೆ ಕಬ್ಬಿಣವಿಟ್ಟು ಕಡುಚಳಿಯಲ್ಲಿ ಅದ್ದಿದರೆ, ಮರಿಗಳೆಲ್ಲ ನೆಟ್ಟಗೆ ಒಂದೇ ಕಡೆ ನಿಂತ ಕಬ್ಬಿಣದೊಳಗೆ ಸೀಸದ ಎಲೆಕ್ಟ್ರಾನ್ ಜೋಡಿಗಳು ನಾಲ್ಕೇ ಹೆಜ್ಜೆಗೆ ಕೈ ಬಿಡುತ್ತವೆ. ಅಂಚಿನಲ್ಲಿ ಕಬ್ಬಿಣದ ಸಾಲು ಓರೆಯಾಗಿ ನಿಂತಿದ್ದರೆ ದಾಟಿಬಿಡುತ್ತವೆ, ಆಗ ವಿದ್ಯುತ್ತಿಗೆ ಎಷ್ಟು ಅಡ್ಡಿಯಿದೆ ಅಂತ ಅಳೆಯುವ ಮೀಟರಿನ ಮುಳ್ಳು ಮೆಲ್ಲಗೆ ಸೊನ್ನೆಗಿಳಿದು ಅಲ್ಲೇ ನಿಲ್ಲುವುದನ್ನು ನೀನೇ ನೋಡಬಹುದು.