ಸಾಂಬಯ್ಯ ಬುವಾ ನಿಲ್ಲುತ್ತಿದ್ದ ಜಾಗ

ಈ ಕಥೆಯನ್ನು ನನ್ನಷ್ಟು ನೆಟ್ಟಗೆ ಹೇಳುವವರು ಮಲಪ್ರಭೆಯ ಈ ದಡದಲ್ಲಿ ಯಾರೂ ಇಲ್ಲ. ಆ ದಡದಲ್ಲಿ ಒಬ್ಬನಿದ್ದಾನೆ, ಅವನಿಗೂ ನಾನೇ ಹೇಳಿಕೊಟ್ಟದ್ದು.

ಸಾಂಬಯ್ಯ ಬುವಾ ಎಂಬ ದೊಡ್ಡ ಹಾಡುಗಾರರಿದ್ದರು. ಅವರು ಹಾಡಲು ಕೂತರೆ ಹೊಳೆ ಅರ್ಧ ತಾಸು ಹರಿಯುವುದನ್ನೇ ಮರೆತು, ಆಮೇಲೆ ಸವದತ್ತಿಯವರೆಗೆ ಏದುಸಿರು ಬಿಡುತ್ತ ಓಡುತ್ತಿತ್ತು. ನಂಬದವರು ಹೊಳೆಯನ್ನೇ ಕೇಳಬಹುದು.

ಬುವಾ ತೀರಿಕೊಂಡು ಆರು ವರ್ಷವಾಗಿತ್ತು. ನಲವತ್ತು ವರ್ಷ ಅವರ ಹಿಂದೆ ಕೂತು ತಂಬೂರಿ ಮೀಟಿದ ಮಡಿವಾಳಜ್ಜ ಹೊಳೆದಂಡೆಯ ಆಶ್ರಮದಲ್ಲಿ ನಾಲ್ಕಾರು ಜನಕ್ಕೆ ಹಾಡು ಕಲಿಸುತ್ತಿದ್ದರು.

ಅಜ್ಜನ ಶಿಷ್ಯ ಚಂಬಣ್ಣ, ಬುವಾರನ್ನು ಇದ್ದಹಾಗೇ ಗಂಟಲಿಗೆ ಇಳಿಸಿಕೊಂಡಿದ್ದ. ತಬಲಾದವನನ್ನೂ ಪೇಟಿಯವನನ್ನೂ ಜೊತೆ ಮಾಡಿಕೊಂಡು ಒಂದು ಮೇಳ ಕಟ್ಟಿದ. ಅಲ್ಲಿ ಬುವಾರ ಪದ ಬಿಟ್ಟು ಬೇರೆ ಹಾಡುವಂತಿಲ್ಲ. ತಲೆಗೆ ಬುವಾರಂಥದ್ದೇ ಗುಲಾಬಿ ರುಮಾಲು, ಬುವಾರಂತೆಯೇ ಎಡಕ್ಕೆ ವಾಲಿ ಕೂರುವುದು. ಒಂದೂರಿನಲ್ಲಿ ಯಾರೋ ಹೆಸರು ಕೇಳಿದರೆ ಸಾಂಬಯ್ಯ ಅಂತಲೇ ಅಂದುಬಿಟ್ಟ.

ಜನ ಮುಗಿಬಿದ್ದರು. ಬುವಾ ಹೋದಂದಿನಿಂದ ಮುನಿಸಿಕೊಂಡು ಹಾಲು ನಿಲ್ಲಿಸಿದ್ದ ಎಮ್ಮೆಯೊಂದು ಮೇಳದ ಮೊದಲ ಪದಕ್ಕೇ ಎರಡು ಚರಿಗೆ ಹಾಲು ಕೊಟ್ಟಿತೆಂದು ಊರವರು ಹೇಳುತ್ತಾರೆ. ಅದು ಸುಳ್ಳು. ಮೂರು ಚರಿಗೆ. ಮೂರನೆಯದನ್ನು ಹಿಡಿದವನು ನಾನು.

ಇಂಥ ಚಂಬಣ್ಣ ಒಂದು ದಿನ ಮುಖ ಬಾಡಿಸಿಕೊಂಡು ಆಶ್ರಮಕ್ಕೆ ಬಂದ. ಅಜ್ಜ ಬೇವಿನ ಗಿಡದ ಕೆಳಗೆ ಕೂತು ತಂಬೂರಿಯ ತಂತಿ ಒರೆಸುತ್ತಿದ್ದರು.

ನಡೆದದ್ದು ಇಷ್ಟು. ಬುವಾರ ತಂಗಿ ನೀಲವ್ವ, ಅಣ್ಣ ಹೋದಮೇಲೆ ಹೊಸ್ತಿಲು ದಾಟಿರದ ಮುದುಕಿ, ಮೇಳ ಕೇಳಲು ಬಂದಿದ್ದಳು. ಕಣ್ಣು ಮುಚ್ಚಿ ಕೂತು ಎಲ್ಲ ಪದ ಕೇಳಿದಳು. ಎದ್ದುಹೋಗಿ ಎರಡು ರೊಟ್ಟಿ ಉಂಡಳು. ಆರು ವರ್ಷದಲ್ಲಿ ಅವಳು ತಾನಾಗಿ ಕೇಳಿ ಹಾಕಿಸಿಕೊಂಡು ಉಂಡದ್ದು ಅದೇ ಮೊದಲು. ಆಮೇಲೆ ಚಂಬಣ್ಣನ ಗದ್ದ ಹಿಡಿದು, ಅಣ್ಣನ ಹಾಡು ಕೇಳಿದ್ದಾಯಿತು, ಈಗ ನಿನ್ನದೊಂದು ಹಾಡು ಅಂದಳು.

ಚಂಬಣ್ಣ ಬಾಯಿ ತೆರೆದ. ಬುವಾ ಬಂದರು.

ಬೇರೆ ಪದ ಹಿಡಿದ. ಅದಕ್ಕೂ ಬುವಾರೇ ಬಂದರು. ಕೊನೆಗೆ ಅವ್ವ ಕಲಿಸಿದ ಬೀಸುವ ಕಲ್ಲಿನ ಪದ ಹಿಡಿದ. ಬುವಾ ಬೀಸಲಿಕ್ಕೂ ಕೂತರು.

ನೀಲವ್ವ ಬೈಯಲಿಲ್ಲ. ಸೋಮವಾರ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಹುಡುಕಿಟ್ಟಿರು ಅಂದು ಹೋದಳು.

“ನನ್ನ ದನಿ ಎಲ್ಲೋ ಕಳೀತ್ರಿ, ಅಜ್ಜಾರ,” ಅಂದ ಚಂಬಣ್ಣ. “ನೀರು ಬೇಡಿದ್ರೂ ಬುವಾರ ದನಿಯೊಳಗ ಬೇಡ್ತೀನಿ. ಮನ್ಯಾಗ ಅವ್ವ ತಲಿಮ್ಯಾಲೆ ಸೆರಗು ಹೊಚ್ಚಿಕೊಂಡು ನೀರು ತಂದುಕೊಡ್ತಾಳ.”

ಅಜ್ಜ ನಗಲಿಲ್ಲ.

“ಮೇಳ ಬಿಟ್ಟುಬಿಡ್ಲೇನ್ರಿ? ನಕಲು ಮಾಡಿದ್ದ ಪಾಪ ಆತೇನ್ರಿ?”

“ನೀಲವ್ವ ಎರಡು ರೊಟ್ಟಿ ಉಂಡಳು ಅಂದಿ. ಅದೂ ಪಾಪ ಏನಪಾ?”



ಬುವಾರನ್ನು ಕಂಡೇ ಇರದ ಮಕ್ಕಳು ಇವತ್ತು ಬುವಾರ ಪದ ಗುನುಗುತ್ತ ಸಾಲಿಗೆ ಹೋಗುತ್ತಿದ್ದರೆ ಅದು ಈ ಮೇಳದಿಂದ ಅಂದರು ಅಜ್ಜ. ಬರೀ ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಗೆದ್ದಲು ಹಾಡಿಕೊಂಡಿರುತ್ತಿದ್ದವು. ಆಮೇಲೆ ತಂಬೂರಿಯನ್ನು ಹತ್ತಿರ ಎಳೆದುಕೊಂಡು, ದೋಣಿಯ ಪದ ಹಾಡು ಅಂದರು.

ದೋಣಿಯ ಪದ ಬುವಾರ ಪದಗಳಲ್ಲೆಲ್ಲ ಹೆಸರಾದದ್ದು. ಮೂರನೆಯ ನುಡಿಯಲ್ಲಿ ದನಿ ಮೇಲಕ್ಕೆ ಹತ್ತಿ ಹತ್ತಿ, ‘ತೀರ’ ಎಂಬಲ್ಲಿ ತಟ್ಟನೆ ನಿಲ್ಲುತ್ತದೆ. ತಾಳದ ನಾಲ್ಕು ಮಾತ್ರೆಯಷ್ಟು ಹೊತ್ತು ಮೌನ. ಆ ಮೌನದ ಮೇಲೆ ಪಂಡಿತರೊಬ್ಬರು ಬುವಾರ ಸ್ಮರಣ ಗ್ರಂಥದಲ್ಲಿ ಹನ್ನೊಂದು ಪುಟ ಬರೆದಿದ್ದಾರೆ. ಹಾಡನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ. ಮೌನವನ್ನು ಎರಡು ವರ್ಷ, ದಿನಾ ಮುಂಜಾನೆ, ಹೊಳೆಯಲ್ಲಿ ಕುತ್ತಿಗೆಮಟ ನಿಂತು ಅಭ್ಯಾಸ ಮಾಡಿದವನು ಚಂಬಣ್ಣ ಒಬ್ಬನೇ.

ಹಾಡಿದ. ನಿಂತ. ನಾಲ್ಕು ಮಾತ್ರೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

“ಅಲ್ಲಿ ಯಾಕ ನಿಂತಿ?” ಅಂದರು ಅಜ್ಜ.

“ಬುವಾ ನಿಲ್ತಿದ್ರು.”

“ಅವರು ಯಾಕ ನಿಲ್ತಿದ್ರು?”

“ಜೀವ ದಂಡಿ ಮುಟ್ಟಿದಾಗ ಮಾತು ನಿಲ್ತೈತಂತ್ರಿ. ಗ್ರಂಥದಾಗ ಬರದಾರ.”

“ಹಲ್ಲು,” ಅಂದರು ಅಜ್ಜ.

ಚಂಬಣ್ಣನಿಗೆ ತಿಳಿಯಲಿಲ್ಲ. ಅಜ್ಜ ಬಿಡಿಸಿ ಹೇಳಿದರು. ಕೊನೆಯ ಒಂಬತ್ತು ವರ್ಷ ಬುವಾರ ಮೇಲಿನ ಹಲ್ಲೊಂದು ಅಲ್ಲಾಡುತ್ತಿತ್ತು. ಕೀಳಿಸಿಕೊಳ್ಳಲು ಹೆದರಿಕೆ. ಅಷ್ಟು ಮೇಲಕ್ಕೆ ಹೋಗಿ ದನಿ ಎಳೆದ ಕೂಡಲೇ ಹಲ್ಲು ಮುಂದಕ್ಕೆ ಬರುವುದು. ನಾಲಿಗೆಯಿಂದ ಅದನ್ನು ಒತ್ತಿ ಜಾಗಕ್ಕೆ ಕೂರಿಸಲು ನಾಲ್ಕು ಮಾತ್ರೆ ಬೇಕಾಗುತ್ತಿತ್ತು. ಹಿಂದೆ ಕೂತ ಅಜ್ಜ ನಗು ತಡೆಯಲಾಗದೆ ತಂಬೂರಿಗೆ ಹಣೆ ಹಚ್ಚಿಕೊಂಡಿರುತ್ತಿದ್ದರು. ಜನ ಅದನ್ನು ಭಕ್ತಿ ಅಂದುಕೊಂಡರು.

ಚಂಬಣ್ಣನ ಮುಖ ಕೆಂಪಾಯಿತು. ಎರಡು ವರ್ಷದ ಚಳಿ ಒಂದೇ ಸಲ ನೆನಪಾಗಿರಬೇಕು.

“ಅವರ ಹಲ್ಲಿನ ಸಲುವಾಗಿ ನಾ ಹೊಳ್ಯಾಗ ನಿಂತ್ನೇನ್ರಿ?”

ಅಂದವನೇ ನಕ್ಕ. ಹೊಟ್ಟೆ ಹಿಡಿದುಕೊಂಡು, ಮೂಗಿನಲ್ಲಿ ಗೊರಗೊರ ಸದ್ದು ಮಾಡುತ್ತ, ನೆಲಕ್ಕೆ ಬಡಿಯುತ್ತ ನಕ್ಕ. ಬುವಾ ಗಂಭೀರ ಮನುಷ್ಯ, ಜನ್ಮದಲ್ಲಿ ಹಾಗೆ ನಕ್ಕವರಲ್ಲ.

“ಇದು ಯಾರ ದನಿ?” ಅಂದರು ಅಜ್ಜ.

ಚಂಬಣ್ಣನ ನಗು ನಿಂತಿತು.

“ಮತ್ತ ಹಾಡು. ಈ ಸಲ ನಿಲ್ಲಬ್ಯಾಡ.”

ಹಾಡಿದ. ಆ ಜಾಗ ಬಂತು, ಬಾಯಿ ತಾನಾಗಿ ಮುಚ್ಚಿಕೊಂಡಿತು. ಅಜ್ಜ ತಂಬೂರಿ ಮೀಟುತ್ತಲೇ ಇದ್ದರು. ಮತ್ತೆ ಹಾಡಿದ, ಮತ್ತೆ ಮುಚ್ಚಿತು. ಹತ್ತನೆಯ ಸಲವೋ ಹನ್ನೆರಡನೆಯ ಸಲವೋ ಮುಚ್ಚಲಿಲ್ಲ. ಒಂದು ದನಿ ಹೊರಗೆ ಬಂತು. ತುಸು ಒರಟು, ತುಸು ಮೂಗಿನದು. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆ ಅತ್ತಿತ್ತ ಸುತ್ತಾಡಿ, ನಾಲ್ಕು ಮಾತ್ರೆ ತೀರುವಷ್ಟರಲ್ಲಿ ಹೇಗೋ ಬುವಾರ ಹಾದಿಗೆ ಬಂದು ಕೂಡಿಕೊಂಡಿತು.

ಬೇವಿನ ಮೇಲಿದ್ದ ಕಾಗೆಗಳು ಹಾರಿಹೋದವು. ಬುವಾರ ದನಿಗೆ ಅವು ಎಂದೂ ಹಾರಿದ್ದಿಲ್ಲ. ಹದಿನೇಳು ಕಾಗೆ. ಇದೊಂದರಲ್ಲಿ ನಾನು ಏನೂ ಸೇರಿಸಿಲ್ಲ.

“ಐತ್ರಿ,” ಅಂದ ಚಂಬಣ್ಣ ಮೆಲ್ಲಗೆ. “ನಾಕ ಮಾತ್ರಿಯಷ್ಟ ಐತಿ.”

ಸೋಮವಾರಕ್ಕೆ ಅಷ್ಟು ಸಾಕು ಅಂದರು ಅಜ್ಜ. ಮೇಳ ಬಿಡುವುದು ಬೇಡ. ರುಮಾಲು ಇರಲಿ, ಎಡಕ್ಕೆ ವಾಲುವುದೂ ಇರಲಿ, ಪದವೆಲ್ಲ ಬುವಾರವೇ ಇರಲಿ. ನೀಲವ್ವ ಬಂದು ಕೂತಾಗ ಆ ನಾಲ್ಕು ಮಾತ್ರೆಯಲ್ಲಿ ಮಾತ್ರ ಚಂಬಣ್ಣ ಹಾಡಬೇಕು.

ಚಂಬಣ್ಣ ಕಾಲಿಗೆ ನಮಸ್ಕಾರ ಮಾಡಿ ಎದ್ದ. ಹೊಳೆಯ ಕಡೆ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಊರೂರಲ್ಲಿ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದದ್ದೇ ಆ ಮೌನಕ್ಕೆ. ಅದು ಬರದಿದ್ದರೆ ಏನಾದೀತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಅಲ್ಲಿ ನಾ ಹಾಡಿದ್ರ ಮಂದಿ ಬೈತಾರ್ರಿ, ಅಜ್ಜಾರ.”

ಅಜ್ಜ ತಂತಿ ಒರೆಸುವ ಬಟ್ಟೆ ಕೈಗೆತ್ತಿಕೊಂಡರು.

“ಬೈಲಿ, ತಮ್ಮಾ. ಇಷ್ಟ ದಿನದ ಚಪ್ಪಾಳಿ ಬುವಾರದು. ಬೈಗಳಾ ಬಿದ್ರ, ಅದು ನಿಂದು.”